ಮುಮ್ಮೂಲೆ ಎಂಜಿನ್ನಿಗೆ ಒಂದು ಗಂಟೆ

ಆ ಗ್ಯಾರೇಜಿನ ನೆಲದ ನಟ್ಟನಡುವೆ ಒಂದು ಹಳದಿ ಗೆರೆ ಇದೆ. ಷಟರಿನಿಂದ ಹಿಂದಿನ ಗೋಡೆಯವರೆಗೆ ಎಳೆದದ್ದು. ಎಣ್ಣೆ ಕುಡಿದು ಅಲ್ಲಲ್ಲಿ ಕಂದಾಗಿದೆ, ಅಳಿಸಿಹೋಗಿಲ್ಲ. ಗೆರೆಯ ಎಡಕ್ಕೆ ಅಣ್ಣ, ಬಲಕ್ಕೆ ತಂಗಿ. ಎಡಗಡೆ ಸದಾ ಮೂರು ನಾಲ್ಕು ಕಾರು ಬಾಯಿ ತೆರೆದು ನಿಂತಿರುತ್ತವೆ. ಎಲ್ಲದರಲ್ಲೂ ಪಿಸ್ಟನ್ ಎಂಜಿನ್. ಬಲಗಡೆ ಇರುವುದು ಒಂದೇ ಕಾರು. ಎರಡು ಸೀಟು, ತಗ್ಗಿದ ಮೂತಿ, ಬಿಸಿಲಿಗೆ ಮಾಸಿದ ಕೆಂಪು. ಅದರಲ್ಲಿ ಹುಡುಕಿದರೂ ಒಂದು ಪಿಸ್ಟನ್ ಸಿಗುವುದಿಲ್ಲ.

ಗೆರೆ ಎಳೆದದ್ದು ಅಣ್ಣನೂ ಅಲ್ಲ, ತಂಗಿಯೂ ಅಲ್ಲ. ಮಹಡಿಯ ಮೇಲಿನ ಮನೆಯಲ್ಲಿರುವ ಅವರ ಅಮ್ಮ. ಬಹಳ ಹಿಂದೆ ಒಂದು ಸ್ಪ್ಯಾನರಿಗಾಗಿ ಇಬ್ಬರೂ ಬೀದಿಗೆ ಕೇಳುವಷ್ಟು ಕಿತ್ತಾಡಿದ ದಿನ, ಆಕೆ ಕಿಟಕಿಗೆ ಬಳಿದು ಮಿಕ್ಕಿದ್ದ ಬಣ್ಣದ ಡಬ್ಬಿ ಹಿಡಿದು ಕೆಳಗಿಳಿದು ಬಂದರು. "ಇವನ ಎಂಜಿನ್ ಅವಳು ಮುಟ್ಟಬಾರದು, ಅವಳದ್ದನ್ನ ಇವನು ಮುಟ್ಟಬಾರದು. ಗೆರೆ ದಾಟಿದವರಿಗೆ ರಾತ್ರಿ ಊಟ ಇಲ್ಲ." ಮಕ್ಕಳಿಬ್ಬರಿಗೂ ಈಗ ಐವತ್ತು ದಾಟಿದೆ. ಕಾನೂನು ಹಾಗೇ ಇದೆ.

ಟೈರಿನಂಗಡಿ, ಬೀಗದಂಗಡಿ, ಹಳೇ ಕಬ್ಬಿಣದವನ ಗೋದಾಮು ಸಾಲಾಗಿರುವ ಆ ಬೀದಿಯಲ್ಲಿ ತಂಗಿಯನ್ನು ಎಲ್ಲರೂ ಕರೆಯುವುದು ಮುಮ್ಮೂಲೆ ಅಕ್ಕ ಎಂದು. ಹೆಸರು ಅಂಟಿದ್ದು ರೋಟರಿ ಎಂಜಿನ್ನಿನಿಂದ. ಪಿಸ್ಟನ್ ಇರಬೇಕಾದ ಜಾಗದಲ್ಲಿ ಅದಕ್ಕೆ ಮೂರು ಮೂಲೆಯ, ಹೊಟ್ಟೆ ಉಬ್ಬಿದ ಕಬ್ಬಿಣದ ತುಂಡೊಂದಿದೆ, ಅದೇ ರೋಟರ್. ನಡು ಒತ್ತಿದ ಮೊಟ್ಟೆಯಂಥ ಗೂಡಿನೊಳಗೆ ಅದು ಸುತ್ತುತ್ತದೆ. ಸುತ್ತುವಾಗಲೇ ಪೆಟ್ರೋಲ್ ಗಾಳಿಯನ್ನು ಒಳಗೆಳೆದುಕೊಂಡು, ಅದುಮಿ, ಉರಿಸಿ, ಹೊರದೂಡುತ್ತದೆ. ವಾಲ್ವ್ ಇಲ್ಲ, ಅದನ್ನು ತೆರೆದು ಮುಚ್ಚುವ ಕ್ಯಾಮ್ ಇಲ್ಲ. ಮೂರು ಮೂಲೆಗಳ ತುದಿಯಲ್ಲಿ ತೆಳ್ಳನೆಯ ಸೀಲ್ ಪಟ್ಟಿಗಳು ಗೂಡಿನ ಗೋಡೆಯನ್ನು ಸವರುತ್ತ ಹೋಗುತ್ತವೆ. ಆ ಎಂಜಿನ್ನಿನ ಪ್ರಾಣವೆಲ್ಲ ಆ ಪಟ್ಟಿಗಳಲ್ಲಿ.

ಆಕೆಗೆ ಅದು ಸಿಕ್ಕಿದ್ದು ಅಪ್ಪನ ಕಾಲದಲ್ಲಿ. ಅಪ್ಪ ನೀರಿನ ಪಂಪು ರಿಪೇರಿಯವನು. ಯಾರೋ ಒಬ್ಬ ಈ ಕೆಂಪು ಕಾರನ್ನು ಗ್ಯಾರೇಜಿನ ಮುಂದೆ ಬಿಟ್ಟುಹೋದವನು ತಿರುಗಿ ಬರಲಿಲ್ಲ. ಅಣ್ಣ ಬಾನೆಟ್ ಎತ್ತಿ ನೋಡಿ, ತಲೆಬುಡ ತಿಳಿಯದೆ ಮುಚ್ಚಿದ. ತಂಗಿ ಬಿಚ್ಚಿದಳು. ಒಂದೊಂದೇ ಭಾಗ ಒರೆಸಿ ಅಮ್ಮನ ಊಟದ ಮೇಜಿನ ಮೇಲೆ ಜೋಡಿಸಿದಳು. ಓಡಾಡುವ ಭಾಗಗಳೆಂದರೆ ಎರಡು ರೋಟರು, ಒಂದು ಷಾಫ್ಟು. "ಇಷ್ಟೇನಾ?" ಅಂದರಂತೆ ಅಮ್ಮ. "ಅವನ ಎಂಜಿನ್ ಬಿಚ್ಚಿದ್ರೆ ಮನೆ ತುಂಬ ಸಾಮಾನು. ಇದು ಒಂದು ತಟ್ಟೆ ಜಾಗದಲ್ಲೇ ಮುಗೀತಲ್ಲ." ಮೇಜಿನ ಮೇಲೆ ರೋಟರಿನ ಮೂರು ಮೂಲೆಯ ಕಪ್ಪು ಗುರುತು ಇವತ್ತಿಗೂ ಇದೆ. ಅಮ್ಮ ಅದರ ಮೇಲೇ ಸಾರಿನ ಪಾತ್ರೆ ಇಡುತ್ತಾರೆ.

ಅಲ್ಲಿಂದ ಶುರುವಾದ ವಾದ ನಿಂತಿಲ್ಲ.

"ನಿನ್ನ ಪಿಸ್ಟನ್ ಮೇಲೆ ಓಡುತ್ತೆ, ನಿಲ್ಲುತ್ತೆ. ಕೆಳಗೆ ಓಡುತ್ತೆ, ನಿಲ್ಲುತ್ತೆ," ಎನ್ನುತ್ತಾಳೆ ತಂಗಿ. "ಹೆಜ್ಜೆಗೊಂದ್ಸಲ ನಿಂತು ಹಿಂದೆ ತಿರುಗೋನು ಯಾವ ಊರು ಸೇರ್ತಾನಣ್ಣ? ನಂದು ನಿಲ್ಲೋದೇ ಇಲ್ಲ, ಸುತ್ತುತ್ತಾನೇ ಇರುತ್ತೆ. ನಡುಕ ಇಲ್ಲ, ಕುಲುಕಾಟ ಇಲ್ಲ."

"ಸುತ್ತುತ್ತೆ, ಒಪ್ಪಿದೆ. ಗಾಣದೆತ್ತೂ ಸುತ್ತುತ್ತೆ," ಎನ್ನುತ್ತಾನೆ ಅಣ್ಣ. "ಆದ್ರೆ ಗಾಣ ಎಣ್ಣೆ ಕೊಡುತ್ತೆ. ನಿಂದು ಎಣ್ಣೆ ಕುಡಿಯುತ್ತೆ."

ಎರಡರಲ್ಲೂ ಸತ್ಯವಿದೆ. ರೋಟರಿ ಎಂಜಿನ್ ಪುಟ್ಟದು, ಹಗುರ. ಅದನ್ನು ಕಾರಿನ ಮೂಗಿನಿಂದ ಹಿಂದಕ್ಕೆ, ಕೆಳಕ್ಕೆ ಕೂರಿಸಬಹುದು. ಹಾಗಾಗಿ ಕಾರು ತಿರುವಿಗೆ ಬೆಣ್ಣೆಗೆ ಚಾಕು ಇಳಿದಂತೆ ಇಳಿಯುತ್ತದೆ. ಪಿಸ್ಟನ್ ಎಂಜಿನ್‌ಗಳು ಏದುಸಿರು ಬಿಡುವ ವೇಗದಲ್ಲಿ ಇದು ಆಗತಾನೇ ನಿದ್ದೆ ತಿಳಿದೆದ್ದಂತಿರುತ್ತದೆ. ಆದರೆ ನಿಧಾನವಾಗಿ ಹೋಗುವಾಗ ಎಳೆತ ಕಡಿಮೆ. ತಿರುವಿನಿಂದ ಹೊರಬಂದು ಒಮ್ಮೆಲೆ ಜಿಗಿಯಬೇಕೆಂದರೆ ಪಿಸ್ಟನ್ನೇ ಸೈ. ರೋಟರಿಗೆ ಪೆಟ್ರೋಲು ಸುರಿದಷ್ಟೂ ಸಾಲದು, ಬೆಂಕಿಯಂತೆ ಬಿಸಿಯಾಗುತ್ತದೆ. ಸೀಲ್ ಪಟ್ಟಿಗಳು ಸವೆಯದಿರಲೆಂದು ಒಳಗೆ ಸ್ವಲ್ಪಸ್ವಲ್ಪ ಎಣ್ಣೆ ಬಿಡುವ ಏರ್ಪಾಡು ಹುಟ್ಟಿನಿಂದಲೇ ಇದೆ. ಎಣ್ಣೆ ಉರಿಸುವುದು ಪಿಸ್ಟನ್ನಿಗೆ ರೋಗ, ರೋಟರಿಗೆ ಊಟ.

ಪಟ್ಟಣದ ಹೊರಗಿನ ಟ್ರ್ಯಾಕಿನಲ್ಲಿ ಹವ್ಯಾಸಿಗಳ ಸಂಘವೊಂದು ಓಟ ನಡೆಸುತ್ತದೆ. ಸಣ್ಣ ಎಂಜಿನ್ನಿನ ಕಾರುಗಳ ಗುಂಪಿನಲ್ಲಿ ಆಕೆ ಗೆಲ್ಲತೊಡಗಿದ ಮೇಲೆ, ರೋಟರಿಯ ಅಳತೆಯನ್ನು ಎರಡರಷ್ಟೆಂದು ಎಣಿಸಬೇಕೆಂದು ಸಂಘ ನಿಯಮ ಮಾಡಿತು. ಪಿಸ್ಟನ್ ಎರಡು ಸುತ್ತಿನಲ್ಲಿ ಮಾಡುವ ಕೆಲಸವನ್ನು ಇದು ಒಂದೇ ಸುತ್ತಿನಲ್ಲಿ ಮಾಡುತ್ತದೆ ಎಂಬುದು ಅವರ ಕಾರಣ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆಕೆ ದೊಡ್ಡ ಕಾರುಗಳ ಗುಂಪಿಗೆ ಬಿದ್ದಳು. "ಎರಡರಷ್ಟು ಎಣಿಸ್ತೀರಾ? ಎಣಿಸ್ಕೊಳ್ಳಿ," ಎಂದು ಸಭೆಯಲ್ಲೇ ಎದ್ದು ಹೇಳಿದಳು. "ಎರಡರಷ್ಟು ಹೆದರಿದೀರಿ ಅಂತ ಅಂದ್ಕೋತೀನಿ."

ಆ ಗುಂಪಿನಲ್ಲಿ ಮುಂದಿರುವವನು ಒಬ್ಬ ಹಲ್ಲಿನ ಡಾಕ್ಟರು. ಅವನ ಕಾರಿನ ಆರು ಸಿಲಿಂಡರಿನ ಎಂಜಿನ್ ಕಟ್ಟಿಕೊಟ್ಟವನು ಅಣ್ಣ.

ಕಳೆದ ಸಾಲಿನಲ್ಲಿ ಕೆಂಪು ಕಾರು ಒಂದು ಓಟವನ್ನೂ ಮುಗಿಸಲಿಲ್ಲ. ಒಮ್ಮೆ ಬಿಸಿಯೇರಿ ನಿಂತಿತು, ಒಮ್ಮೆ ಸೀಲ್ ಮುರಿಯಿತು. ಕೊನೆಯ ಸಲ ಪೆಟ್ರೋಲಿಗೆಂದು ನಿಲ್ಲಿಸಿ ಆರಿಸಿದ ಎಂಜಿನ್ ಮತ್ತೆ ಏಳಲೇ ಇಲ್ಲ. ಸೀಲ್ ಸವೆದ ರೋಟರಿಯ ಜಾಯಮಾನವೇ ಅದು. ತಣ್ಣಗಿದ್ದಾಗ ಹೇಗೋ ಏಳುತ್ತದೆ, ಕಾದಾಗ ಮುಷ್ಕರ ಹೂಡುತ್ತದೆ. ಮೂರು ಸಲವೂ ಅಣ್ಣನ ಗಾಡಿಗೆ ಹಗ್ಗ ಕಟ್ಟಿ ಬೀದಿಗುಂಟ ಎಳೆದು ತಂದರು. ಟೈರಿನಂಗಡಿಯವನು ಪ್ರತಿ ಸಲವೂ ಎದ್ದು ನಿಂತು ಸೆಲ್ಯೂಟ್ ಹೊಡೆದ.

ಒಂದು ಬೆಳಿಗ್ಗೆ ಆಕೆ ಷಟರ್ ಎತ್ತಿದಾಗ ಗೆರೆಯ ಬಲಗಡೆ, ಕೆಂಪು ಕಾರಿನ ಮೂಗಿನ ಮುಂದೆ, ಟಾರ್ಪಾಲು ಹೊದಿಸಿದ ಒಂದು ಎಂಜಿನ್ ಕೂತಿತ್ತು. ನಾಲ್ಕು ಸಿಲಿಂಡರು. ಅಣ್ಣ ಎಲ್ಲಿಂದಲೋ ಹುಡುಕಿ ತಂದಿದ್ದ.

"ಇದೇನು?"

"ನಿನ್ನ ಕಾರಿಗೆ. ಅಳತೆ ನೋಡಿದೀನಿ, ಕೂರುತ್ತೆ. ಹಗುರವಾಗಿದೆ, ಗಟ್ಟಿಯಾಗಿದೆ. ಸಾಮಾನು ಯಾವ ಅಂಗಡೀಲಿ ಕೇಳಿದ್ರೂ ಸಿಗುತ್ತೆ."

"ಗೆರೆ ದಾಟಿದೀಯ."

"ಎಂಜಿನ್ ದಾಟಿದೆ, ನಾನು ದಾಟಿಲ್ಲ. ದೂಡಿದೆ ಅಷ್ಟೆ." ಆಮೇಲೆ ದನಿ ತಗ್ಗಿಸಿದ. "ನೋಡೇ, ಹಗ್ಗ ಕಟ್ಟಿ ಎಳ್ಕೊಂಡು ಬರುವಾಗ ಹಿಂದಿನ ಕನ್ನಡೀಲಿ ನಿನ್ನ ಮುಖ ಕಾಣುತ್ತೆ ನಂಗೆ. ಇನ್ನೊಂದ್ಸಲ ಅದನ್ನ ನೋಡೋಕೆ ಆಗಲ್ಲ."

ಆಕೆ ಟಾರ್ಪಾಲು ಎತ್ತಿ ನೋಡಿದಳು. ಒಳ್ಳೆಯ ಎಂಜಿನ್ನೇ ಎಂಬುದು ಅವಳಿಗೂ ಗೊತ್ತಾಯಿತು. ಅದೇ ಸಿಟ್ಟು ತರಿಸಿತು.

"ಈ ಸಾಲಿನ ಮೊದಲ ಓಟ ಒಂದು ಗಂಟೆಯದು. ಕೊನೇ ಬಾವುಟ ಬೀಳುವಾಗ ನನ್ನ ಕಾರು ನನ್ನ ಎಂಜಿನ್ ಮೇಲೆ ಓಡ್ತಾ ಇರಬೇಕು. ಇಲ್ಲದಿದ್ರೆ ನೀನೇ ಗೆರೆ ದಾಟಿ ಬಾ, ನೀನೇ ಕಳಚು. ನಾನು ಸ್ಪ್ಯಾನರ್ ಹಿಡಿದು ಕೊಡ್ತೀನಿ. ಓಡ್ತಾ ಇದ್ರೆ ಈ ಮಾತು ನಾನು ಸಾಯೋವರೆಗೆ ಎತ್ತಬಾರದು."

"ಆಯ್ತು," ಎಂದ ಅಣ್ಣ. ಮಹಡಿಯ ಕಿಟಕಿಯಿಂದ ಅಮ್ಮ, "ನಾನು ಸಾಕ್ಷಿ," ಎಂದರು.

ಆ ಚಳಿಗಾಲ ಪೂರ್ತಿ ಆಕೆ ಬಲಗಡೆಯ ಮೂಲೆಯಲ್ಲಿ ಕಳೆದಳು. ಗೂಡಿನ ಗೋಡೆಯನ್ನು ಉಗುರಿನಿಂದ ಸವರಿ ನೋಡಿದಳು, ಹೊಸ ಸೀಲ್ ಪಟ್ಟಿಗಳನ್ನು ಒಂದೊಂದಾಗಿ ಕೂರಿಸಿದಳು, ರೇಡಿಯೇಟರ್ ದೊಡ್ಡದು ಮಾಡಿದಳು. ಗೆರೆಯಾಚೆ ಅಣ್ಣ ಡಾಕ್ಟರ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದ. ಒಂದೇ ಸೂರಿನಡಿ ಇಪ್ಪತ್ತೈದು ವರ್ಷ ಕಳೆದಿದ್ದರೂ ಅಣ್ಣ ಕೆಂಪು ಕಾರಿನ ಕೀಲಿಯನ್ನು ಒಮ್ಮೆಯೂ ತಿರುಗಿಸಿರಲಿಲ್ಲ. ಅದರ ರೀತಿನೀತಿಯನ್ನು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಓಟದ ದಿನ ಬೆಳಿಗ್ಗೆ ಟ್ರ್ಯಾಕಿನ ಹಿಂದಿನ ಅಂಗಳದಲ್ಲಿ ಕಾರುಗಳು ಸಾಲುಗಟ್ಟಿದ್ದವು. ಕೆಂಪು ಕಾರು ಬಯಲಲ್ಲಿ ನಿಂತಿತ್ತು, ಕಿಟಕಿ ಗಾಜು ಇಳಿಸಿತ್ತು, ಕೀಲಿ ಅದರಲ್ಲೇ ಇತ್ತು. ಆಕೆ ಚಾಲಕರ ಸಭೆಗೆ ಹೋದಾಗ ಮಳೆ ಹನಿಯತೊಡಗಿತು. ಆಕೆ ಮರಳಿ ಬರುವಷ್ಟರಲ್ಲಿ ಮಳೆ ನಿಂತಿತ್ತು. ಕಾರು ತಗಡಿನ ಸೂರಿನಡಿ, ಡಾಕ್ಟರ ಕಾರಿನ ಪಕ್ಕದಲ್ಲಿತ್ತು. ಯಾರೋ ಪುಣ್ಯಾತ್ಮರು ದೂಡಿರಬೇಕು ಎಂದುಕೊಂಡು ಒಳಗೆ ಕೂತು ಸೆಲ್ಫ್ ಹೊಡೆದಳು. ಎಂಜಿನ್ ತಿರುಗಿತು, ಹತ್ತಲಿಲ್ಲ. ಮತ್ತೆ ಹೊಡೆದಳು. ಕಸುವಿಲ್ಲದ, ಹಲ್ಲಿಲ್ಲದ ಬಾಯಿ ಜಗಿದಂಥ ಶಬ್ದ. ಹಿಂದಿನಿಂದ ಪೆಟ್ರೋಲ್ ವಾಸನೆ ಗುಪ್ಪೆಂದಿತು.

ಆಕೆ ಕೀಲಿಯಿಂದ ಕೈ ತೆಗೆದಳು. "ಇದನ್ನ ಯಾರು ಸ್ಟಾರ್ಟ್ ಮಾಡಿದ್ದು?"

"ನಾನೇ," ಎಂದ ಅಣ್ಣ, ಡಾಕ್ಟರ ಕಾರಿನ ಚಕ್ರದ ಬಳಿಯಿಂದ ತಲೆಯೆತ್ತಿ. "ಸೀಟೆಲ್ಲ ನೆನೀತಿತ್ತು. ಹತ್ತಡಿ ಒಳಗೆ ತಂದೆ."

"ಆಮೇಲೆ?"

"ಆಮೇಲೇನು? ಆಫ್ ಮಾಡ್ದೆ."

"ತಕ್ಷಣ?"

"ಹತ್ತಡಿಗೆ ಎಷ್ಟೊತ್ತು ಬೇಕು?"

ಪಿಸ್ಟನ್ ಕಾರಾಗಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲ ಗ್ಯಾರೇಜಿನವರೂ ದಿನಾ ಮಾಡುವುದು ಅದನ್ನೇ. ರೋಟರಿಯದು ಬೇರೆ ಕಥೆ. ತಣ್ಣಗಿದ್ದಾಗ ಹಚ್ಚಿದರೆ ಅದು ಪೆಟ್ರೋಲನ್ನು ಬೇಕಾದ್ದಕ್ಕಿಂತ ಹೆಚ್ಚು ಸುರಿದುಕೊಳ್ಳುತ್ತದೆ. ಬಿಸಿಯಾಗುವ ಮುನ್ನವೇ ಆರಿಸಿದರೆ ಉರಿಯದೆ ಉಳಿದ ಪೆಟ್ರೋಲು ಗೋಡೆಯ ಮೇಲಿನ ಎಣ್ಣೆಯನ್ನು ತೊಳೆದುಬಿಡುತ್ತದೆ. ಎಣ್ಣೆಯಿಲ್ಲದ ಸೀಲ್ ಗಾಳಿಯನ್ನು ತಡೆಯಲಾರದು, ಕಿಡಿ ಹೊತ್ತಿಸುವ ಪ್ಲಗ್ಗುಗಳು ನೆನೆದು ಕೂರುತ್ತವೆ. ಅವಳು ಹತ್ತಡಿ ಸರಿಸಬೇಕಾದಾಗಲೂ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುವವರೆಗೆ ಕಾರಲ್ಲೇ ಕೂತಿರುತ್ತಿದ್ದುದು ಅದಕ್ಕೆ. ಅಣ್ಣ ಅದನ್ನು ಹೊಗೆ ಎಬ್ಬಿಸಿ ತನ್ನನ್ನು ಗೋಳಾಡಿಸುವ ಆಟ ಎಂದುಕೊಂಡಿದ್ದ.

ಆಕೆ ಎರಡೇ ಮಾತಲ್ಲಿ ವಿವರಿಸಿದಳು. ಅಣ್ಣ ಎದ್ದು ಬಂದ.

"ಹೇಳ್ಬಾರದಿತ್ತಾ ಇದನ್ನ? ಇಪ್ಪತ್ತೈದು ವರ್ಷದಲ್ಲಿ ಒಂದಿನ?"

"ಕೇಳ್ಬಾರದಿತ್ತಾ?"

ಡಾಕ್ಟರು ಹೆಲ್ಮೆಟ್ ಹಿಡಿದು ನಡುವೆ ಬಂದು ನಿಂತ. "ಏನಾಯ್ತು ಅಕ್ಕಾ, ಹಲ್ಲುನೋವಾ?"

"ನಿಮ್ಮ ಕೆಲಸ ನೋಡ್ಕೊಳ್ಳಿ ಡಾಕ್ಟ್ರೇ. ಇದಕ್ಕೆ ಕೀಳೋ ಹಲ್ಲೇ ಇಲ್ಲ."

ಅಣ್ಣ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದ. "ಇದು ಲೆಕ್ಕಕ್ಕಿಲ್ಲ ಕಣೇ. ತಪ್ಪು ನಂದು. ಷರತ್ತು ಬಿಡು. ಮುಂದಿನ ಓಟದಲ್ಲಿ ನೋಡೋಣ."

"ಬಿಡಲ್ಲ."

"ಸುಮ್ನೆ ಹಟ ಮಾಡ್ಬೇಡ. ನಾನೇ ಬಿಡು ಅಂತಿದೀನಲ್ಲ!"

"ನೀನು ಬಿಟ್ಟುಕೊಟ್ಟಿದ್ದರಿಂದ ಉಳಿಯೋ ಎಂಜಿನ್ ನಂಗೆ ಬೇಡ," ಎಂದಳು. "ಪ್ಲಗ್ ಸ್ಪ್ಯಾನರ್ ಕೊಡು."

"ಮುಟ್ಟಬಹುದಾ?"

"ಇಲ್ಲಿ ಗೆರೆ ಎಲ್ಲಿದೆ?"

ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತರು. ನಾಲ್ಕು ಪ್ಲಗ್ಗನ್ನೂ ಬಿಚ್ಚಿದರು. ಒದ್ದೆ ಬತ್ತಿಯಂತೆ ತೊಟ್ಟಿಕ್ಕುತ್ತಿದ್ದವು. ಅಣ್ಣ ಅವನ್ನು ಒರೆಸಿ, ದೂರ ಹೋಗಿ, ಚಹಾದವನ ಒಲೆಯ ಬಳಿ ಕಾಯಿಸಿ ತಂದ. ಅವಳು ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದು ಒಳಗಿನ ಪೆಟ್ರೋಲನ್ನು ತೂತುಗಳಿಂದ ಉಗುಳಿಸಿದಳು. ಆಮೇಲೆ ತೂತಿಗೆ ಒಂದಿಷ್ಟು ಎಂಜಿನ್ ಆಯಿಲ್ ಬಿಟ್ಟು, ಕೈಯಿಂದ ನಿಧಾನ ತಿರುಗಿಸಿದಳು. ಅಷ್ಟರಲ್ಲಿ ಬೇರೆ ಕಾರುಗಳು ಒಂದೊಂದಾಗಿ ಓಟ ಶುರುವಾಗುವ ಸಾಲಿಗೆ ಹೊರಟವು. ಪ್ಲಗ್ ಹಾಕಿ ಕೀಲಿ ತಿರುಗಿಸಿದರೆ ಬ್ಯಾಟರಿ ಸುಸ್ತು.

"ಡಾಕ್ಟ್ರೇ, ನಿಲ್ಲಿ!" ಎಂದು ಅಣ್ಣ ಕೂಗಿ, ಹೊರಟಿದ್ದ ಕಾರಿಗೆ ಅಡ್ಡ ನಿಂತು ಬಾನೆಟ್ ಎತ್ತಿಸಿದ. ಡಾಕ್ಟರ ಬ್ಯಾಟರಿಯಿಂದ ಕೆಂಪು ಕಾರಿನ ಬ್ಯಾಟರಿಗೆ ವೈರ್ ಕೊಟ್ಟ.

"ಎದುರಾಳಿಗೆ ರಕ್ತದಾನ ಮಾಡಿಸ್ತೀರಲ್ಲ ನನ್ನ ಕೈಲಿ," ಎಂದ ಡಾಕ್ಟರು.

"ನೀವು ಹಲ್ಲು ಕೀಳುವಾಗ ಎಷ್ಟು ರಕ್ತ ಹರಿಸಿಲ್ಲ? ಸುಮ್ನಿರಿ," ಎಂದ ಅಣ್ಣ.

ಎಂಜಿನ್ ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಆಮೇಲೆ ಒಟ್ಟಿಗೆ ಹತ್ತಿಕೊಂಡಿತು. ಒಳಗೆ ಬಿಟ್ಟ ಎಣ್ಣೆಯೆಲ್ಲ ಬಿಳಿಯ ಹೊಗೆಯಾಗಿ ಅಂಗಳವನ್ನು ತುಂಬಿತು. ಡಾಕ್ಟರು ಕಾಣಲಿಲ್ಲ, ಅಣ್ಣ ಕಾಣಲಿಲ್ಲ, ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಡಾಕ್ಟರು ಹೇಗೋ ಸಾಲು ಸೇರಿಕೊಂಡ. ಆಕೆ ಕದಲಲಿಲ್ಲ. ಓಟ ಶುರುವಾದ ಸದ್ದು ಕೇಳಿದಾಗಲೂ ಅಲ್ಲೇ ಕೂತು ಮುಳ್ಳನ್ನು ನೋಡುತ್ತಿದ್ದಳು. ಮುಳ್ಳು ನಡುಮಟ್ಟಕ್ಕೆ ಬಂದ ಮೇಲೆಯೇ ಗೇರ್ ಹಾಕಿದಳು. ಅಷ್ಟರಲ್ಲಿ ಉಳಿದವರೆಲ್ಲ ಕೆಲವು ಸುತ್ತು ಮುಂದಿದ್ದರು.

ಗೆಲುವಿನ ಮಾತು ಅಲ್ಲಿಗೇ ಮುಗಿದಿತ್ತು. ಉಳಿದದ್ದು ಷರತ್ತು ಮಾತ್ರ.

ಅಣ್ಣ ಬೇಲಿಗೆ ಒರಗಿ ನಿಂತ. ಓಟ ಕಾವೇರಿದಾಗ ಕೆಂಪು ಕಾರು ಡಾಕ್ಟರ ಬೆನ್ನಿಗೆ ಬಂತು. ಲೆಕ್ಕದಲ್ಲಿ ಇಬ್ಬರ ನಡುವೆ ಸ್ಪರ್ಧೆಯೇ ಇರಲಿಲ್ಲ, ಆದರೆ ಅದನ್ನು ಇಬ್ಬರೂ ಮರೆತಂತಿತ್ತು. ಇಳಿಜಾರಿನ ತಿರುವಿನಲ್ಲಿ ಆಕೆ ಅವನಿಗಿಂತ ತಡವಾಗಿ ಬ್ರೇಕ್ ಹಿಡಿದು, ಒಳಗಿನಿಂದ ನುಗ್ಗಿ ದಾಟಿದಳು. ತಿರುವು ಮುಗಿದು ನೇರ ದಾರಿ ಬಂದಾಗ ಆರು ಸಿಲಿಂಡರು ಗುಡುಗಿ ಅವಳನ್ನು ಹಿಂದೆ ಹಾಕಿತು. ಮುಂದಿನ ತಿರುವಿನಲ್ಲಿ ಮತ್ತೆ ಅವಳು, ಮುಂದಿನ ನೇರದಲ್ಲಿ ಮತ್ತೆ ಅವನು. ಡಾಕ್ಟರದ್ದು ಎದೆಯಾಳದ ಗರ್ಜನೆ. ಅವಳದ್ದು ಎಲ್ಲೂ ತುಂಡಾಗದೆ ಏರುತ್ತಲೇ ಹೋಗುವ ಒಂದೇ ಎಳೆಯ ಕೂಗು. ಪಕ್ಕದಲ್ಲಿ ನಿಂತಿದ್ದ ಟೈರಿನಂಗಡಿಯವನು, "ಯಾರ ಕಡೆ ನೀವು?" ಎಂದು ಕೇಳಿದ.

"ತಿರುವಲ್ಲಿ ಅವಳ ಕಡೆ. ನೇರದಲ್ಲಿ ನನ್ನ ಕಡೆ," ಎಂದ ಅಣ್ಣ.

ಅರ್ಧ ಕಳೆದ ಮೇಲೆ ಪೆಟ್ರೋಲಿಗೆ ಬರಲೇಬೇಕಿತ್ತು. ಪಿಸ್ಟನ್ ಕಾರುಗಳಿಗೆ ಒಂದು ಟ್ಯಾಂಕ್ ಸಾಕಿತ್ತು, ಅವಳಿಗೆ ಸಾಲುವಂತಿರಲಿಲ್ಲ. ಪೆಟ್ರೋಲ್ ತುಂಬುವಾಗ ಎಂಜಿನ್ ಆರಿಸಿರಬೇಕೆಂಬುದು ಸಂಘದ ನಿಯಮ. ಕಳೆದ ಸಾಲಿನಲ್ಲಿ ಆ ಕಾರು ಸತ್ತದ್ದೂ ಇಲ್ಲೇ, ಹೀಗೇ. ಕ್ಯಾನು ಹಿಡಿಯಬೇಕಿದ್ದವನು ಟೈರಿನಂಗಡಿಯವನು. ಅಣ್ಣ ಅದನ್ನು ಕಸಿದುಕೊಂಡ.

ಕಾರು ಬಂದು ನಿಂತಿತು. ಆಕೆ ಕೀಲಿ ತಿರುಗಿಸಿದಳು. ಆ ಕೂಗು ಒಮ್ಮೆಲೆ ನಿಂತಾಗ, ಬಾನೆಟ್ಟಿನಡಿ ಕಾದ ಲೋಹ ಟಿಕ್ ಟಿಕ್ ಎನ್ನುವುದಷ್ಟೇ ಉಳಿಯಿತು. ಅಣ್ಣ ಒಂದು ಹನಿ ಚೆಲ್ಲದೆ ಕ್ಯಾನು ಖಾಲಿ ಮಾಡಿ ಹಿಂದೆ ಸರಿದ. ಆಕೆ ಸೆಲ್ಫ್ ಹೊಡೆದಳು. ತಿರುಗಿತು, ಹತ್ತಲಿಲ್ಲ.

"ಆಕ್ಸಿಲರೇಟರ್ ಒತ್ತೇ!"

"ಬಾಯ್ಮುಚ್ಕೊಂಡು ನಿಂತ್ಕೋ!"

ಅವನು ನಿಂತ. ಎಂಜಿನ್ ಇನ್ನೂ ಸುಮ್ಮನೆ ತಿರುಗುತ್ತಿತ್ತು. ಆಕೆ ಕೀಲಿಯಿಂದ ಬೆರಳು ತೆಗೆಯಲಿಲ್ಲ. ಸೆಲ್ಫಿನ ದನಿ ಇಳಿಯತೊಡಗಿತು. ಕಾರು ಹತ್ತಲಿ ಎಂದು ತಾನೇ ಮೈಯೆಲ್ಲ ಬಿಗಿಹಿಡಿದು ನಿಂತಿರುವುದು ಅಣ್ಣನಿಗೆ ಆಗ ಗೊತ್ತಾಯಿತು ಎಂದು ಆಮೇಲೆ ಅವನೇ ಹೇಳಿಕೊಂಡ. ಹತ್ತಬಾರದೆಂಬ ಕಡೆಯಲ್ಲಿ ಇದ್ದವನು ಅವನೊಬ್ಬನೇ, ಅವನೂ ಆ ಕಡೆ ಉಳಿದಿರಲಿಲ್ಲ.

ಒಂದು ಸಣ್ಣ ಗುಡುಗು. ಮತ್ತೊಂದು. ಹೊಸ ಸೀಲ್‌ಗಳು ಹಿಡಿದವು. ಕೂಗು ಮೇಲೇರಿತು. ಅಣ್ಣ ಖಾಲಿ ಕ್ಯಾನಿನಿಂದ ಕಾರಿನ ಬೆನ್ನಿಗೆ ಒಂದೇಟು ಹಾಕಿದ. "ಹೋಗೇ! ಹೋಗು!"

ಕೊನೆಯ ಬಾವುಟ ಬಿದ್ದಾಗ ಡಾಕ್ಟರು ಮೂರನೆಯವನು. ಮುಮ್ಮೂಲೆ ಅಕ್ಕ ಕೊನೆಯಿಂದ ಎರಡನೆಯವಳು. ಅವಳ ಹಿಂದೆ ಇದ್ದದ್ದು ನಡುದಾರಿಯಲ್ಲಿ ಕೆಟ್ಟು ನಿಂತ ನಾಲ್ಕು ಸಿಲಿಂಡರಿನ ಕಾರು. ಬಾವುಟ ದಾಟುವಾಗ ಎಂಜಿನ್ ಓಡುತ್ತಿತ್ತು.

ಡಾಕ್ಟರು ಕೈಕುಲುಕಿ, "ಕೊನೇಲಿ ಬಂದು ಇಷ್ಟು ಬೀಗೋರನ್ನ ನಾನು ನೋಡಿಲ್ಲ ಅಕ್ಕಾ," ಎಂದ.

"ತಿರುವಲ್ಲಿ ನನ್ನ ಬೆನ್ನು ನೋಡಿದೀರಲ್ಲ, ಸಾಕು."

ಅಂದು ಹಗ್ಗ ಬೇಕಾಗಲಿಲ್ಲ. ಕೆಂಪು ಕಾರು ಬೀದಿಗೆ ತಾನೇ ಓಡಿ ಬಂತು, ಹಿಂದಿನಿಂದ ಅಣ್ಣನ ಗಾಡಿ. ಕಿಟಕಿಯಲ್ಲಿ ಅಮ್ಮ ಇಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ ಕೇಳಿದ್ದು ಒಂದೇ: "ಇವತ್ತು ಯಾರಿಗೆ ಊಟ ಇಲ್ಲ?"

"ಅಣ್ಣಂಗೆ. ನನ್ನ ಕಾರು ಮುಟ್ಟಿದ."

"ನೀನು ಮುಟ್ಟಿಸಿದೀಯ. ಇಬ್ಬರಿಗೂ ಇಲ್ಲ," ಎಂದರು ಅಮ್ಮ. ಆಮೇಲೆ ಇಬ್ಬರಿಗೂ ಬಡಿಸಿದರು.

ಇದೆಲ್ಲ ಆಗಿ ಒಂದು ಸಾಲು ಕಳೆದಿದೆ. ಅಣ್ಣ ಆ ಮಾತನ್ನು ಮತ್ತೆ ಎತ್ತಿಲ್ಲ. ಕೆಂಪು ಕಾರು ಈಗಲೂ ಬೇಕಾಬಿಟ್ಟಿ ಪೆಟ್ರೋಲು ಕುಡಿಯುತ್ತದೆ, ಸಂಘ ಈಗಲೂ ಅದನ್ನು ಎರಡರಷ್ಟು ಎಣಿಸುತ್ತದೆ, ಆಕೆ ಈಗಲೂ ದೊಡ್ಡವರ ಗುಂಪಿನಲ್ಲೇ ಹೆಸರು ಬರೆಸುತ್ತಾಳೆ. ಗೆಲ್ಲುವುದು ಅಪರೂಪ. ಅಣ್ಣ ತಂದ ನಾಲ್ಕು ಸಿಲಿಂಡರಿನ ಎಂಜಿನ್ ಗೆರೆಯ ಬಲಗಡೆ, ಇಟ್ಟಲ್ಲೇ ಇದೆ. ಮೇಲೊಂದು ಹಲಗೆ ಹಾಕಿದ್ದಾರೆ. ಚಹಾ ಕುಡಿಯುವಾಗ ಆಕೆ ಅದರ ಮೇಲೆ ಕೂರುತ್ತಾಳೆ.

"ಯಾರಿಗಾದ್ರೂ ಕೊಟ್ಟುಬಿಡ್ತೀನಿ ಅದನ್ನ," ಎನ್ನುತ್ತಾನೆ ಅಣ್ಣ.

"ಇರಲಿ ಬಿಡು. ಪಿಸ್ಟನ್ ಎಂಜಿನ್ ಅಷ್ಟು ಕೆಟ್ಟದ್ದೇನಲ್ಲ. ಕೂರೋಕೆ ಚೆನ್ನಾಗಿದೆ."

ಬೆಳಿಗ್ಗೆ ಜಾಗ ಸಾಲದಾದಾಗ ಕೆಂಪು ಕಾರನ್ನು ಹೊರಗೆ ತರಬೇಕಾಗುತ್ತದೆ. ಆಕೆಯ ಕೈ ಗ್ರೀಸಾಗಿದ್ದರೆ ಕೀಲಿಯನ್ನು ಗೆರೆಯಾಚೆ ಎಸೆಯುತ್ತಾಳೆ. ಅಣ್ಣ ಹತ್ತಡಿ ತರುತ್ತಾನೆ, ಬೀದಿಯಂಚಿಗೆ ನಿಲ್ಲಿಸುತ್ತಾನೆ, ಇಳಿಯುವುದಿಲ್ಲ. ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಮುಳ್ಳನ್ನು ದಿಟ್ಟಿಸುತ್ತಾನೆ. ನೀಲಿ ಹೊಗೆ ಟೈರಿನಂಗಡಿಯ ಕಡೆಗೆ ಹೊರಳುತ್ತದೆ.

"ಆಫ್ ಮಾಡ್ರೀ ಅದನ್ನ! ಉಸಿರು ಕಟ್ತಿದೆ!" ಎಂದು ಟೈರಿನಂಗಡಿಯವನು ಕೂಗುತ್ತಾನೆ.

"ಮಾಡಲ್ಲ," ಎಂದು ಅಣ್ಣ ಗಾಜಿನಾಚೆ ತಲೆ ಹಾಕಿ ಕೂಗುತ್ತಾನೆ. "ಇನ್ನೂ ಬಿಸಿಯಾಗಿಲ್ಲ."